ಊಟದ ಹೊತ್ತೂ ಊಟದ ಅಳತೆಯೂ



ನಮ್ಮ ಶಾಲೆಯ ಸ್ಮರಣಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂದು ಮುಖ್ಯೋಪಾಧ್ಯಾಯಿನಿಯವರಿಂದ ಪತ್ರವು ಬಂದಾಗ, ಒಂದೇ ವರ್ಗದಲ್ಲಿ ಕಲಿತು ಒಂದೇ ವಸತಿಗೃಹದಲ್ಲಿ ಬೆಳೆದ ನಾವು ಮೂವರು ಕೂಡಿ ಬರೆಯುವದೆಂದು ನಿಶ್ಚಯಿಸಿದೆವು. ನಮ್ಮಲ್ಲಿ ಒಬ್ಬಳು ಆಳಂದದಲ್ಲಿ ಶಿಕ್ಷಕಿಯಾಗಿರುವಳು. ಒಬ್ಬಳು ಅಫಜಲಪುರ ತಾಲೂಕಿನಲ್ಲಿ ಭೀಮಾತೀರದ ಒಕ್ಕಲುಮನೆಯ ಗೃಹಿಣಿ. ಇನ್ನೊಬ್ಬಳು ಜೇವರ್ಗಿಯಲ್ಲಿ ಬಟ್ಟೆಯಂಗಡಿಯೊಂದರ ಲೆಕ್ಕ ನೋಡುವವಳು. ಮೂವರಿಗೂ ವಯಸ್ಸು ಐವತ್ತು ದಾಟಿರುವದು. ಮೂವರ ಮೈಯೂ ಶಾಲೆ ಬಿಟ್ಟಂದಿಗಿಂತ ಭಾರವಾಗಿರುವದು. ಆದದರಿಂದ, ಬೇರೆ ಯಾವ ಘನವಾದ ವಿಷಯಕ್ಕೂ ಕೈಹಾಕದೆ, ಪ್ರತಿದಿನವೂ ನಮ್ಮ ಕೈಯಿಂದಲೇ ಆಗುವ ಒಂದು ಕಾರ್ಯವನ್ನು ಕುರಿತು, ಎಂದರೆ ಊಟವನ್ನು ಕುರಿತು, ನಾಲ್ಕು ಮಾತು ಬರೆಯುವೆವು.

ಊಟದ ಮಾತು ಸ್ಮರಣಸಂಚಿಕೆಗೆ ತಕ್ಕದ್ದೋ ಎಂದು ಯಾರಾದರೂ ಕೇಳಬಹುದು. ನಮ್ಮ ಮಟ್ಟಿಗೆ ತಕ್ಕದ್ದೇ. ಈ ಪುಸ್ತಕವನ್ನು ಓದುವವರಲ್ಲಿ ಬಹುಮಂದಿ ಮನೆಯೊಂದರ ಒಲೆಯ ಮುಂದೆ ನಿಂತವರು. ಮನೆಯವರು ಎಷ್ಟು ಉಣ್ಣಬೇಕು, ಯಾವಾಗ ಉಣ್ಣಬೇಕು ಎಂಬದನ್ನು ಅವರೇ ನಿರ್ಣಯಿಸುವರು. ತಾವು ಎಷ್ಟು, ಯಾವಾಗ ಎಂಬದನ್ನು ಮಾತ್ರ ಅವರು ಎಂದೂ ನಿರ್ಣಯಿಸುವದಿಲ್ಲ. ನಮ್ಮ ಲೇಖನದ ತಿರುಳು ಇದೇ.

ಈಗ ಕೆಲವು ವರ್ಷಗಳಿಂದ ನಮ್ಮ ಮೂರು ಊರುಗಳಲ್ಲಿಯೂ ಒಂದು ಉಪದೇಶವು ಬಾಯಿಂದ ಬಾಯಿಗೆ ಹಬ್ಬಿರುವದು. ಅದೇನಂದರೆ, ಮೈಭಾರವನ್ನು ಇಳಿಸಬೇಕೆನ್ನುವವರು ದಿನಕ್ಕೆ ಎರಡು ಮೂರು ಸಲ ಹೊಟ್ಟೆ ತುಂಬ ಉಣ್ಣಬಾರದು; ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಬೇಕು; ಹಾಗೆ ಮಾಡಿದರೆ ಒಳಗಿನ ಬೆಂಕಿಯು ಆರದೆ ಉರಿಯುತ್ತಿದ್ದು ಬೊಜ್ಜನ್ನು ಕರಗಿಸುವದು ಎಂಬದು. ಸಂಘದ ಸಭೆಯಲ್ಲಿ ಇದನ್ನೇ ಹೇಳುವರು, ಮದುವೆಯ ಚಪ್ಪರದಲ್ಲಿ ಇದನ್ನೇ ಹೇಳುವರು, ಮಗಳು ಬೆಂಗಳೂರಿನಿಂದ ಫೋನಿನಲ್ಲಿ ಇದನ್ನೇ ಹೇಳುವಳು. ಹೇಳುವವರೆಲ್ಲರೂ ನಮ್ಮ ಹಿತವನ್ನೇ ಬಯಸುವವರು. ಆದರೂ ಹಿತೈಷಿಗಳ ಮಾತನ್ನು ಸಹ ತೂಗಿ ನೋಡಬೇಕೆಂದು ನಮ್ಮ ಅಕ್ಕೋರು ನಮಗೆ ಕಲಿಸಿದ್ದರಷ್ಟೆ. ಆದಕಾರಣ ನಾವು ಇದನ್ನು ತೂಗಿ ನೋಡಿದೆವು.

ಮೊದಲು ನಮ್ಮ ಸೀಮೆಯ ಊಟದ ಪದ್ಧತಿಯನ್ನು ನೆನೆಯೋಣ. ನಮ್ಮದು ಕಪ್ಪು ಎರೆಯ ಭೂಮಿ. ಹಿಂಗಾರಿಯಲ್ಲಿ ಬಿಳಿಜೋಳ, ಮುಂಗಾರಿಯಲ್ಲಿ ತೊಗರಿ. ಗುಲ್ಬರ್ಗಾ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಲಿಕ ಗುರುತಿನ ಮುದ್ರೆಯೂ ದೊರಕಿತು. ನಮ್ಮ ತಾಯಂದಿರು ಹೊತ್ತು ಮೂಡುವದಕ್ಕೆ ಮುಂಚೆ ರೊಟ್ಟಿ ಬಡಿದು, ಹೊಲಕ್ಕೆ ಹೋಗುವವರಿಗೆ ನ್ಯಾರಿಯನ್ನೂ ಬುತ್ತಿಯನ್ನೂ ಕಟ್ಟುತ್ತಿದ್ದರು. ಮುಂಜಾನೆ ಖಡಕ್ ರೊಟ್ಟಿ, ಹಿಂಡಿ, ಉಳ್ಳಾಗಡ್ಡಿ. ನಡುಹಗಲಿಗೆ ಗಿಡದ ನೆರಳಲ್ಲಿ ಬುತ್ತಿಯ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ದೀಪ ಹಚ್ಚಿದ ಮೇಲೆ ಬಿಸಿ ರೊಟ್ಟಿ, ಬೇಳೆ, ಇಲ್ಲವೆ ಜೋಳದ ನುಚ್ಚು. ಹೀಗೆ ಮೂರು ಹೊತ್ತು. ನಡುವೆ ತಿನ್ನುವದಕ್ಕೆ ಬಿಡುವೂ ಇರಲಿಲ್ಲ, ಡಬ್ಬಿಯಲ್ಲಿ ತಿಂಡಿಯೂ ಇರಲಿಲ್ಲ. ೧೯೭೨ರ ಬರಗಾಲವನ್ನು ಕಂಡ ಆ ತಾಯಂದಿರಿಗೆ, ಒಬ್ಬಳು ತನ್ನ ಮೈ ಇಳಿಯಲೆಂದು ಬೇಕೆಂದೇ ಕಡಿಮೆ ಉಣ್ಣುವಳೆಂಬ ಮಾತು ಒಗಟಿನಂತೆ ತೋರುವದು. ಅವರ ಕಾಲದಲ್ಲಿ ಮೈ ತುಂಬಿಕೊಂಡವಳು ಭಾಗ್ಯವಂತೆ ಅನ್ನಿಸಿಕೊಳ್ಳುತ್ತಿದ್ದಳು.

ಅವರಿಗೂ ನಮಗೂ ನಡುವೆ ಬದಲಾದದ್ದು ಏನು? ಊಟದ ಹೊತ್ತುಗಳಿಗಿಂತ ಹೆಚ್ಚಾಗಿ ಕೆಲಸವು ಬದಲಾಯಿತು. ಬೀಸುವ ಕಲ್ಲು ಮೂಲೆಗೆ ಸರಿದು ಗಿರಣಿ ಬಂದಿತು. ಬಾವಿಯ ಕೊಡ ಹೋಗಿ ನಲ್ಲಿ ಬಂದಿತು. ಸೌದೆಯ ಹೊರೆ ಹೋಗಿ ಗ್ಯಾಸಿನ ಒಲೆ ಬಂದಿತು. ಮೂರು ಹರಿದಾರಿ ನಡೆದು ಹೋಗುತ್ತಿದ್ದ ಸಂತೆಗೆ ಬಸ್ಸು ಹೋಗುವದಾಯಿತು. ಇವು ಕಷ್ಟವನ್ನು ನೀಗಿಸಿದ ಉಪಕಾರಗಳು. ಇವುಗಳನ್ನು ಹಳಿಯುವದು ನಮ್ಮ ಉದ್ದೇಶವಲ್ಲ. ಆದರೆ ಲೆಕ್ಕವು ಲೆಕ್ಕವೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ೨೦೨೦ರಲ್ಲಿ ಹೊರಡಿಸಿದ ಅಂದಾಜಿನ ಮೇರೆಗೆ, ೫೫ ಕಿಲೋ ತೂಗುವ ಸ್ತ್ರೀಯು ಕುಳಿತೇ ಕೆಲಸ ಮಾಡುವವಳಾದರೆ ಅವಳಿಗೆ ದಿನಕ್ಕೆ ೧೬೬೦ ಕ್ಯಾಲರಿಯಷ್ಟು ಆಹಾರ ಸಾಕು; ಅದೇ ಸ್ತ್ರೀಯು ಹೊಲದ ಕೂಲಿಯಂತೆ ಭಾರವಾದ ದುಡಿಮೆ ಮಾಡುವವಳಾದರೆ ೨೭೨೦ ಕ್ಯಾಲರಿ ಬೇಕು. ಕ್ಯಾಲರಿ ಎಂಬದು ಆಹಾರವು ದೇಹಕ್ಕೆ ಕೊಡುವ ಶಕ್ತಿಯನ್ನು ಅಳೆಯುವ ಮಾನ. ಐವತ್ತು ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಅದು ಸುಮಾರು ೧೭೦ ಇರುವದು. ಹಾಗಾದರೆ ದುಡಿಯುವ ತಾಯಿಗೂ ಕುಳಿತಿರುವ ಮಗಳಿಗೂ ದಿನವೊಂದಕ್ಕೆ ಸುಮಾರು ಆರು ರೊಟ್ಟಿಗಳ ಅಂತರ! ತಾಯಿಯ ದುಡಿಮೆಯನ್ನು ಬಿಟ್ಟು ತಾಯಿಯ ತಟ್ಟೆಯನ್ನು ಮಾತ್ರ ಉಳಿಸಿಕೊಂಡರೆ ಆ ರೊಟ್ಟಿಗಳು ಎಲ್ಲಿ ಹೋಗಬೇಕು? ಅವು ನಡುವಿನಲ್ಲಿಯೇ ನಿಲ್ಲುವವು.

ನಮ್ಮ ರಾಜ್ಯದ ಲೆಕ್ಕವೂ ಇದನ್ನೇ ತೋರಿಸುವದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ೨೦೧೫–೧೬ರಲ್ಲಿ ಕಂಡಂತೆ ಕರ್ನಾಟಕದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೨೩ ಮಂದಿ ಅಧಿಕ ತೂಕದವರು. ೨೦೧೯–೨೧ರ ಸಮೀಕ್ಷೆಯಲ್ಲಿ ಅವರು ಸುಮಾರು ೩೦ ಮಂದಿ. ಆದರೆ ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ೧೭ ಸ್ತ್ರೀಯರು ಇರಬೇಕಾದುದಕ್ಕಿಂತ ತೆಳ್ಳಗಿದ್ದರು. ಹೆಚ್ಚು ಕಡಿಮೆ ಅರ್ಧಮಂದಿ ರಕ್ತಹೀನತೆಯುಳ್ಳವರು. ಒಂದೇ ಓಣಿಯಲ್ಲಿ, ಕೆಲವು ಸಲ ಒಂದೇ ಮನೆಯಲ್ಲಿ, ಅತ್ತೆಯು ಸ್ಥೂಲಳು, ಸೊಸೆಯು ಕೃಶಳು. ಇದನ್ನು ಮರೆತು ಎಲ್ಲರಿಗೂ ಒಂದೇ ಔಷಧವನ್ನು ಹೇಳುವದು ಸರಿಯಲ್ಲವೆಂಬದನ್ನು ಮೊದಲೇ ಹೇಳಿಬಿಡುವೆವು.

ಇನ್ನು ಆರು ಸಲದ ಊಟದ ಮಾತಿಗೆ ಬರೋಣ. ಅಫಜಲಪುರದ ಮನೆಯ ಹಿರಿಯಳಾದ ಅತ್ತೆಯವರು ಈ ಉಪದೇಶವನ್ನು ಕೇಳಿ, “ಹೊಟ್ಟಿ ಏನ ಗಿರಣಿ ಅದನೇನವ್ವಾ, ದಿನಕ್ಕ ಆರ ಸಲ ಕಾಳು ಹಾಕ್ಲಕ್ಕ?” ಎಂದು ನಕ್ಕರು. ಅವರು ವಿನೋದಕ್ಕೆ ಆಡಿದ ಮಾತಿನಲ್ಲಿಯೇ ಶಾಸ್ತ್ರದ ಉತ್ತರವಿರುವದು. ಆರು ಸೇರು ಜೋಳವನ್ನು ಗಿರಣಿಗೆ ಒಂದೇ ಸಲ ಹಾಕಿದರೂ, ಸೇರು ಸೇರಾಗಿ ಆರು ಸಲ ಹಾಕಿದರೂ, ಬರುವ ಹಿಟ್ಟು ಒಂದೇ. ಬೀಸುವದಕ್ಕೆ ತಗಲುವ ವಿದ್ಯುತ್ತೂ ಹೆಚ್ಚು ಕಡಿಮೆ ಒಂದೇ. ನಮ್ಮ ದೇಹವು ಸಹ ಉಂಡದ್ದನ್ನು ಅರಗಿಸುವದಕ್ಕೆ ಸ್ವಲ್ಪ ಶಕ್ತಿಯನ್ನು ವೆಚ್ಚಮಾಡುವದು. ಸಾಮಾನ್ಯವಾದ ಆಹಾರದಲ್ಲಿ ಇದು ಉಂಡದ್ದರ ಹತ್ತನೇ ಒಂದು ಪಾಲಿನಷ್ಟು. ಉಪದೇಶ ಮಾಡುವವರು, “ಹೆಚ್ಚು ಸಲ ಉಂಡರೆ ಈ ವೆಚ್ಚವು ಹೆಚ್ಚು ಸಲ ಆಗುವದಲ್ಲವೇ?” ಎನ್ನುವರು. ಆಗುವದು ನಿಜ, ಆದರೆ ಪ್ರತಿಸಲದ ವೆಚ್ಚವೂ ಚಿಕ್ಕದಾಗುವದು. ೫೦೦ ಕ್ಯಾಲರಿಯ ಮೂರು ಊಟಕ್ಕೆ ಐವತ್ತರಂತೆ ನೂರೈವತ್ತು. ೨೫೦ ಕ್ಯಾಲರಿಯ ಆರು ಊಟಕ್ಕೆ ಇಪ್ಪತ್ತೈದರಂತೆ ನೂರೈವತ್ತು. ಗಣಿತದಲ್ಲಿ ದಡ್ಡಿಯಾದವಳಿಗೂ ಈ ಗುಣಾಕಾರವು ತಿಳಿಯುವದು. ಒಳಗಿನ ಬೆಂಕಿಯು ಉಣ್ಣುವ ಸಲಗಳನ್ನು ಎಣಿಸುವದಿಲ್ಲ; ಬಿದ್ದ ಸೌದೆಯನ್ನು ಎಣಿಸುವದು.

ಹಾಗಾದರೆ ಈ ನಂಬಿಕೆಯು ಎಲ್ಲಿಂದ ಬಂದಿತು? ೧೯೬೪ರಲ್ಲಿ ಯೂರೋಪಿನ ಪ್ರಾಗ್ ನಗರದ ವೈದ್ಯರು ವೃದ್ಧಾಪ್ಯದ ಹೊಸ್ತಿಲಲ್ಲಿದ್ದ ಪುರುಷರನ್ನು ಪರೀಕ್ಷಿಸಿ, ದಿನಕ್ಕೆ ಹೆಚ್ಚು ಸಲ ಉಣ್ಣುವವರಿಗಿಂತ ಕಡಿಮೆ ಸಲ ಉಣ್ಣುವವರಲ್ಲಿ ಸ್ಥೂಲಕಾಯವು ಹೆಚ್ಚೆಂದು ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ನೋಡಿ ಬರೆದ ವರದಿ. ಮಾಡಿ ನೋಡಿದ ಪರೀಕ್ಷೆಯಲ್ಲ. ಮೈ ಬೆಳೆದವರೇ ಇಳಿಸಿಕೊಳ್ಳಬೇಕೆಂದು ಊಟವನ್ನು ಬಿಡುತ್ತಿರಬಹುದಷ್ಟೆ. ಆಮೇಲೆ ೧೯೯೭ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಕೂಡಿಸಿ ತೂಗಿದ ಪಂಡಿತರು, ಒಟ್ಟು ಆಹಾರವು ಸಮವಾಗಿದ್ದರೆ ಊಟದ ಸಂಖ್ಯೆಯಿಂದ ದೇಹದ ಶಕ್ತಿವ್ಯಯವು ಬದಲಾಗುವದಿಲ್ಲವೆಂದು ಬರೆದರು. ೨೦೧೦ರಲ್ಲಿ ಕೆನಡಾ ದೇಶದ ಆಟವಾದಲ್ಲಿ ಹದಿನಾರು ಮಂದಿ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, ಎಂಟು ವಾರ, ಒಂದು ಗುಂಪಿಗೆ ಮೂರು ಊಟವನ್ನೂ ಇನ್ನೊಂದಕ್ಕೆ ಮೂರು ಊಟ ಮೂರು ಉಪಾಹಾರಗಳನ್ನೂ ಕೊಟ್ಟರು. ಒಟ್ಟು ಆಹಾರವನ್ನು ಇಬ್ಬರಿಗೂ ಒಂದೇ ಪ್ರಕಾರ ಕಡಿಮೆ ಮಾಡಿದರು. ಇಳಿದ ತೂಕದಲ್ಲಿ ಭೇದವು ಕಾಣಲಿಲ್ಲ. ೨೦೧೩ರಲ್ಲಿ ಅಮೆರಿಕದ ಕೊಲೊರಾಡೋದಲ್ಲಿ ನೋಡಿದವರಿಗೆ, ಆರು ಸಲ ಉಂಡದ್ದರಿಂದ ಕೊಬ್ಬು ಹೆಚ್ಚಾಗಿ ಉರಿಯಲಿಲ್ಲವೆಂದೂ, ಹಸಿವೆಯೂ ತಿನ್ನಬೇಕೆಂಬ ಆಸೆಯೂ ಮಾತ್ರ ಹೆಚ್ಚಾದವೆಂದೂ ಕಂಡುಬಂದಿತು. ಕಡೆಗೆ ಅದೇ ಪ್ರಾಗ್ ನಗರದಿಂದ, ಐವತ್ತು ವರ್ಷಗಳ ತರುವಾಯ, ೨೦೧೪ರಲ್ಲಿ ಇನ್ನೊಂದು ಉತ್ತರವು ಬಂದಿತು. ಸಕ್ಕರೆ ಕಾಯಿಲೆಯ ೫೪ ಮಂದಿ ಹನ್ನೆರಡು ವಾರ ಆರು ಚಿಕ್ಕ ಊಟಗಳನ್ನೂ, ಹನ್ನೆರಡು ವಾರ ಮುಂಜಾನೆ ಮಧ್ಯಾಹ್ನಗಳ ಎರಡೇ ಊಟಗಳನ್ನೂ ಮಾಡಿದರು. ಆರು ಸಲದಲ್ಲಿ ಇಳಿದದ್ದು ಸರಾಸರಿ ೨.೩ ಕಿಲೋ, ಎರಡು ಸಲದಲ್ಲಿ ೩.೭ ಕಿಲೋ.

ಇಷ್ಟು ಓದಿದ ಮೇಲೆಯೂ ದೂರದೇಶದವರ ಲೆಕ್ಕವು ನಮ್ಮ ರೊಟ್ಟಿಗೆ ಒಪ್ಪುವದೋ ಇಲ್ಲವೋ ನೋಡೋಣವೆಂದು, ಸಂಕ್ರಾಂತಿಯಿಂದ ಯುಗಾದಿಯ ವರೆಗೆ ಹತ್ತು ವಾರ ನಾವೂ ಒಂದೊಂದು ವಹಿಯನ್ನು ಇಟ್ಟೆವು. ಆಳಂದದವಳು ಆರು ಸಲ, ಅಫಜಲಪುರದವಳು ಮೂರು ಸಲ. ಇಬ್ಬರೂ ಮೊದಲು ಉಣ್ಣುತ್ತಿದ್ದುದರಲ್ಲಿ ನಾಲ್ಕನೆಯ ಒಂದು ಪಾಲನ್ನು ಬಿಡಬೇಕೆಂದು ಒಪ್ಪಂದವಾಯಿತು. ಹಿಟ್ಟನ್ನೂ ಬೇಳೆಯನ್ನೂ ಎಣ್ಣೆಯನ್ನೂ ಮುಂಜಾನೆಯೇ ಅಳೆದು ಬೇರೆ ಇಡುತ್ತಿದ್ದರು. ಯುಗಾದಿಯ ದಿವಸ ತೂಗಿದಾಗ ಒಬ್ಬಳು ಎರಡೂವರೆ ಕಿಲೋ, ಇನ್ನೊಬ್ಬಳು ಅದಕ್ಕಿಂತ ತುಸುವೇ ಹೆಚ್ಚು ಇಳಿದಿದ್ದರು. ಇಬ್ಬರ ತೂಕದಿಂದ ಶಾಸ್ತ್ರವು ಸಿದ್ಧವಾಗುವದಿಲ್ಲವೆಂದು ನಾವು ಬಲ್ಲೆವು. ತೂಕಕ್ಕಿಂತ ಆ ವಹಿಗಳು ತೋರಿಸಿದ ಬೇರೆ ಎರಡು ಸಂಗತಿಗಳು ನಮಗೆ ದೊಡ್ಡವಾಗಿ ಕಂಡವು. ಅವುಗಳನ್ನೇ ನಿಮ್ಮ ಮುಂದೆ ಇಡಬೇಕಾಗಿರುವದು.

ಮೊದಲನೆಯದು, ನಮ್ಮ ಮನೆಗಳಲ್ಲಿ ಚಿಕ್ಕ ಊಟವೆಂಬದು ಚಿಕ್ಕದಾಗಿ ಉಳಿಯುವದು ಬಹಳ ಕಠಿಣ. ಮೂರು ಊಟಕ್ಕೆ ರೊಟ್ಟಿಯಿರುವದು, ಪಲ್ಯವಿರುವದು. ನಡುವಿನ ಮೂರು ಸಲಕ್ಕೆ ಏನಿರುವದು? ಚಹಾ ಇರುವದು, ಚಹಾದ ಸಂಗಡ ಬಿಸ್ಕೀಟು ಇರುವದು, ಡಬ್ಬಿಯಲ್ಲಿ ಚೂಡಾ ಇರುವದು, ಬೀದಿಯ ಮೂಲೆಯಲ್ಲಿ ಸುಸಲಾ, ಮಿರ್ಚಿಭಜಿ ಇರುವವು. ಎರಡು ಚಮಚ ಸಕ್ಕರೆಯೂ ಅರ್ಧ ಬಟ್ಟಲು ಹಾಲೂ ಬಿದ್ದ ಒಂದು ಬಟ್ಟಲು ಚಹಾದಲ್ಲಿ ಸುಮಾರು ೮೦ ಕ್ಯಾಲರಿ. ಅಂಥ ಎರಡು ಬಟ್ಟಲಾದರೆ ಒಂದು ರೊಟ್ಟಿಗೆ ಸಮ. ಒಂದು ಹಿಡಿ ಶೇಂಗಾ, ಎಂದರೆ ಮೂವತ್ತು ಗ್ರಾಂ, ಅದೂ ಒಂದು ರೊಟ್ಟಿಗೆ ಸಮ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ೧೨೦ ಕ್ಯಾಲರಿಗೆ ಕಡಿಮೆಯಿಲ್ಲ. ಶೇಂಗಾ ಒಳ್ಳೆಯ ಆಹಾರವೇ. ಆದರೆ ಮಾತಾಡುತ್ತ ಬಾಯಿಗೆ ಹಾಕಿಕೊಂಡ ಹಿಡಿಗಳನ್ನು ಯಾರು ಎಣಿಸುವರು? ಆಳಂದದವಳು ಹಿಂದಿನ ರಾತ್ರಿಯೇ ಆರು ಪಾಲುಗಳನ್ನು ಕಟ್ಟಿ, ಮೊಳಕೆ ಬಂದ ಮಡಕಿಕಾಳನ್ನೂ ಮಜ್ಜಿಗೆಯನ್ನೂ ಸವತೆಕಾಯಿಯನ್ನೂ ಪಾಠಶಾಲೆಗೆ ಒಯ್ದದ್ದರಿಂದ ಅವಳ ಅಳತೆಯು ನಿಂತಿತು. ಹಾಗೆ ಕಟ್ಟುವದಕ್ಕೆ ಅರ್ಧ ತಾಸು ಹಿಡಿಯುವದು. ಎರಡು ತರಗತಿಗಳ ನಡುವೆ ತಿನ್ನುವದಕ್ಕೆ ಎಡೆ ಹುಡುಕಬೇಕಾಗುವದು. ದಿನವೆಲ್ಲ ಮನಸ್ಸು ಮುಂದಿನ ಡಬ್ಬಿಯ ಮೇಲೆಯೇ ಇರುವದು. ಇಷ್ಟು ಬಿಡುವೂ ಇಷ್ಟು ಡಬ್ಬಿಗಳೂ ಉಳ್ಳವಳಿಗೆ ಈ ಪದ್ಧತಿಯಿಂದ ಬಾಧಕವೇನೂ ಇಲ್ಲ. ಕೂಲಿಗೆ ಹೋಗುವ ಸಹೋದರಿಗೆ ಇದನ್ನು ಬೋಧಿಸುವದು ಮಾತ್ರ ಹಾಸ್ಯವಾದೀತು.

ಎರಡನೆಯ ಸಂಗತಿಯು ಇನ್ನೂ ಮುಖ್ಯವಾದದ್ದು. ವಹಿಯಲ್ಲಿ ಬರೆಯುವಾಗ ಮೊದಲಿನ ವಾರದಲ್ಲಿಯೇ ನಾವು ಕಂಡದ್ದೇನಂದರೆ, ಸಲಗಳನ್ನು ಯಾರೂ ಹೇಳಿಕೊಡುವದಕ್ಕೆ ಮೊದಲೇ ನಮ್ಮ ಸ್ತ್ರೀಯರು ದಿನಕ್ಕೆ ಹತ್ತು ಹನ್ನೆರಡು ಸಲ ತಿನ್ನುತ್ತಿರುವರು. ಆದರೆ ಅದನ್ನು ಅವರು ಊಟವೆನ್ನುವದಿಲ್ಲ. ಉಪ್ಪು ಹದವಾಗಿದೆಯೋ ಎಂದು ಒಂದು ಸೌಟು. ಮಗುವು ಬಿಟ್ಟ ಅರ್ಧ ರೊಟ್ಟಿ. ಚೆಲ್ಲಿದರೆ ಪಾಪವೆಂದು ತಳದ ಅನ್ನ. ಹಬ್ಬದ ಮರುದಿನ ಹಳಸುವದೆಂದು ಉಳಿದ ಹುಗ್ಗಿ. ಬಂದ ನೆಂಟರಿಗೆ ಜೊತೆಗೊಡುವದಕ್ಕಾಗಿ ಇನ್ನೊಂದು ಚಹಾ. ಗಂಡಸರು ಉಂಡು, ಮಕ್ಕಳು ಉಂಡು, ಅತ್ತೆಮಾವಂದಿರು ಉಂಡು, ಪಾತ್ರೆಗಳನ್ನು ಬಳಿದಾದ ಮೇಲೆ ರಾತ್ರಿ ಹತ್ತು ಗಂಟೆಗೆ ಅವಳು ತಟ್ಟೆಯ ಮುಂದೆ ಕುಳಿತುಕೊಳ್ಳುವಳು. ಆಗ ಉಳಿದದ್ದೇ ಅವಳ ಊಟ. ಪಲ್ಯ ತೀರಿದ್ದರೆ ರೊಟ್ಟಿಯನ್ನೂ ಹಿಂಡಿಯನ್ನೂ ತಿಂದು ಏಳುವಳು; ಅನ್ನ ಉಳಿದಿದ್ದರೆ ಹಸಿವೆಯಿಲ್ಲದಿದ್ದರೂ ಉಂಡು ಪಾತ್ರೆಯನ್ನು ಖಾಲಿ ಮಾಡುವಳು. ಹೀಗೆ ಒಬ್ಬಳು ಬಡಕಲಾಗುವಳು, ಇನ್ನೊಬ್ಬಳು ಬೊಜ್ಜು ಬೆಳೆಸುವಳು. ಕಾರಣವು ಇಬ್ಬರಿಗೂ ಒಂದೇ. ತನ್ನ ತಟ್ಟೆಯ ಅಳತೆಯು ಅವಳ ಕೈಯಲ್ಲಿಲ್ಲ. ಇನ್ನೊಬ್ಬರ ಹಸಿವೆಯು ತೀರಿದ ಮೇಲೆ ಏನು ಮಿಕ್ಕುವದೋ ಅದರ ಕೈಯಲ್ಲಿರುವದು.

ಈ ಸ್ಥಳದಲ್ಲಿ ನಮ್ಮ ವಸತಿಗೃಹದ ಪಂಕ್ತಿಯನ್ನು ನೆನೆಯದೆ ಇರಲಾರೆವು. ಗಂಟೆ ಬಾರಿಸಿದೊಡನೆ ತಟ್ಟೆ, ಲೋಟಗಳನ್ನು ಹಿಡಿದು ಎಲ್ಲರೂ ಸಾಲಾಗಿ ಕುಳಿತುಕೊಳ್ಳುತ್ತಿದ್ದೆವು. ಚಿಕ್ಕವಳಿಗೆ ಒಂದು ರೊಟ್ಟಿ, ದೊಡ್ಡವಳಿಗೆ ಎರಡು. ಬೇಳೆಗೆ ಒಂದೇ ಸೌಟು. ಹಸಿವೆಯಿದ್ದವಳು ಕೇಳಿ ಹಾಕಿಸಿಕೊಳ್ಳಬಹುದು. ಬೇಡವಾದವಳು ಮೊದಲೇ ಕೈ ಅಡ್ಡ ಹಿಡಿಯಬೇಕು, ಹಾಕಿಸಿಕೊಂಡು ಬಿಡಬಾರದು. ಬಡಿಸುವ ಸರದಿಯವರು ಸಹ ಪ್ರಾರ್ಥನೆಯಾದ ಮೇಲೆ ಬಡಿಸಿ, ತಮ್ಮ ತಟ್ಟೆಗಳನ್ನೂ ಅದೇ ಹೊತ್ತಿಗೆ ಬಡಿಸಿಕೊಂಡು ಸಾಲಿನ ತುದಿಯಲ್ಲಿ ಕುಳಿತುಕೊಳ್ಳುತ್ತಿದ್ದರು. ಆ ಪಂಕ್ತಿಯಲ್ಲಿ ಕಡೆಗೆ ಉಣ್ಣುವವಳು ಎಂಬುವಳೇ ಇರಲಿಲ್ಲ. ನಾವು ಅಲ್ಲಿ ಕಲಿತ ಇತಿಹಾಸದ ಇಸವಿಗಳು ಹಲವು ಮರೆತುಹೋದವು. ಈ ಪಾಠವು ಮಾತ್ರ ಪುಸ್ತಕದಲ್ಲಿಲ್ಲದ್ದರಿಂದಲೋ ಏನೋ ಮರೆಯಲಿಲ್ಲ. ಮದುವೆಯಾಗಿ ಬಂದ ಮನೆಗಳಲ್ಲಿ ಅದನ್ನು ನಡಿಸುವದು ಸುಲಭವಾಗಿರಲಿಲ್ಲವೆಂಬದನ್ನು ಓದುವ ಸಹೋದರಿಯರಿಗೆ ನಾವು ವಿವರಿಸಬೇಕಾಗಿಲ್ಲ.

ಚಿಕ್ಕ ಊಟಗಳು ನಿಜವಾಗಿಯೂ ಅವಶ್ಯವಾದವರು ಉಂಟು. ಜೇವರ್ಗಿಯವಳು ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆಯವಳು. ಅವಳು ತೆಗೆದುಕೊಳ್ಳುವ ಗುಳಿಗೆಯು ರಕ್ತದ ಸಕ್ಕರೆಯನ್ನು ಇಳಿಸುವ ಜಾತಿಯದು. ಊಟವು ತಡವಾದರೆ ಸಕ್ಕರೆಯು ತೀರ ಕೆಳಗಿಳಿದು ಕೈ ನಡುಗುವದು, ಬೆವರುವದು, ಕಣ್ಣು ಕತ್ತಲೆಗಟ್ಟುವದು. ಆದದರಿಂದ ಅವಳ ವೈದ್ಯರು ದಿನದ ಅದೇ ಆಹಾರವನ್ನು ಐದು ಪಾಲು ಮಾಡಿ, ಹೊತ್ತಿಗೆ ಸರಿಯಾಗಿ ತಿನ್ನಬೇಕೆಂದು ವಿಧಿಸಿರುವರು. ನಮ್ಮ ಪರೀಕ್ಷೆಗಾಗಿ ಅದನ್ನು ಮುಟ್ಟಬಾರದೆಂದು ನಾವು ಅವಳನ್ನು ಪಂದ್ಯದಿಂದ ಹೊರಗಿಟ್ಟು ಲೆಕ್ಕದವಳನ್ನಾಗಿ ಮಾಡಿದೆವು. ಇನ್ಸುಲಿನ್ ಚುಚ್ಚಿಕೊಳ್ಳುವವರೂ ಅಂಥ ಗುಳಿಗೆಗಳನ್ನು ನುಂಗುವವರೂ ಊಟದ ಸಂಖ್ಯೆಯನ್ನು ವೈದ್ಯರನ್ನು ಕೇಳದೆ ಹೆಚ್ಚಿಸಲೂ ಬಾರದು, ತಗ್ಗಿಸಲೂ ಬಾರದು. ಬಸುರಿಯರಲ್ಲಿ ವಾಂತಿಯ ಉಪದ್ರವವುಳ್ಳವರು, ಎಳೆಯ ಮಕ್ಕಳು, ಒಂದೇ ಸಲಕ್ಕೆ ಹೆಚ್ಚು ಉಣ್ಣಲಾರದ ವೃದ್ಧರು, ಇವರಿಗೂ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡುವದೇ ಸರಿ. ಆದರೆ ಇದು ಮೈ ಇಳಿಸುವ ಉಪಾಯವಲ್ಲ. ಮೈಯನ್ನು ಕಾಯುವ ಉಪಾಯ.

ಇದಕ್ಕೆ ವಿರೋಧವಾಗಿ, ಸಲಗಳನ್ನು ಕಡಿಮೆ ಮಾಡುವದರಲ್ಲಿಯೇ ಮಂತ್ರವಿರುವದೆಂದು ನಂಬುವವರೂ ಉಂಟು. ರಮಜಾನಿನಲ್ಲಿ ರೋಜಾ ಹಿಡಿಯುವ ಆಳಂದದ ನೆರೆಹೊರೆಯ ಸಹೋದರಿಯರನ್ನು ನಾವು ಕೇಳಿದೆವು. ಕೆಲವರ ಮೈ ಇಳಿಯುವದಂತೆ, ಕೆಲವರದು ಏರುವದಂತೆ. ಇಳಿದದ್ದೂ ಹಬ್ಬವಾದ ಮೇಲೆ ತಿರುಗಿ ಬರುವದಂತೆ. ಅದು ಇಫ್ತಾರಿನ ತಟ್ಟೆಯಲ್ಲಿ ಹಣ್ಣಿರುವದೋ ಕರಿದದ್ದಿರುವದೋ ಎಂಬದರ ಮೇಲೆ ನಿಂತಿರುವದು. ಶ್ರಾವಣದ ಸೋಮವಾರದ ಒಂದೊಪ್ಪೊತ್ತಿಗೂ ಇದೇ ಮಾತು. ಎರಡು ಸಲವೇ ಆಗಲಿ, ಆರು ಸಲವೇ ಆಗಲಿ, ಸಂಖ್ಯೆಯಲ್ಲಿ ಶಕ್ತಿಯಿಲ್ಲ.

ಪಾಲಕರಿಗೆ ವಿಶೇಷವಾಗಿ ಒಂದು ಬಿನ್ನಹ. ಬೆಳೆಯುವ ಹೆಣ್ಣುಮಕ್ಕಳು ಕನ್ನಡಿಯ ಮುಂದೆ ನಿಂತು “ನಾನು ದಪ್ಪಗಾದೆ” ಎಂದು ರೊಟ್ಟಿಯನ್ನು ಬಿಡುವದು ನಮ್ಮ ಕಡೆಯೂ ಆರಂಭವಾಗಿರುವದು. ತಾಯಿಯ ಪಥ್ಯವನ್ನು ಮಗಳ ಮೇಲೆ ಹಾಕಬೇಡಿರಿ. ಶಾಲೆಯ ಬಿಸಿಯೂಟದ ಅಕ್ಷರ ದಾಸೋಹ ಯೋಜನೆಯು ೨೦೦೨ರಲ್ಲಿ ರಾಜ್ಯದ ಏಳು ಜಿಲ್ಲೆಗಳಲ್ಲಿ ಮೊದಲು ಆರಂಭವಾದಾಗ ನಮ್ಮ ಜಿಲ್ಲೆಯೂ ಅವುಗಳಲ್ಲಿ ಒಂದಾಗಿತ್ತೆಂಬದನ್ನು ಮರೆಯಬೇಡಿರಿ.  ಬೆಳೆಯುವ ಹುಡುಗಿಗೆ ಮುಂಜಾನೆ ನ್ಯಾರಿಯೂ, ಬೇಳೆಕಾಳೂ, ತೊಪ್ಪಲಪಲ್ಯವೂ, ಒಪ್ಪುವ ಮನೆಗಳಲ್ಲಿ ತತ್ತಿಯೂ ಬೇಕು. ಅವಳ ತಟ್ಟೆಯನ್ನು ಅಣ್ಣತಮ್ಮಂದಿರ ತಟ್ಟೆಗಳ ಸಂಗಡಲೇ ಹಾಕಬೇಕು.

ಮೈಭಾರವನ್ನು ಇಳಿಸಲೇಬೇಕಾದವರು ಯಾರು? ನಮ್ಮ ದೇಶದ ವೈದ್ಯರು ಸ್ತ್ರೀಯರಿಗೆ ನಡುವಿನ ಸುತ್ತಳತೆ ೮೦ ಸೆಂಟಿಮೀಟರನ್ನೂ ಪುರುಷರಿಗೆ ೯೦ನ್ನೂ ಮೇರೆಯಾಗಿ ಹೇಳುವರು. ದರ್ಜಿಯ ಪಟ್ಟಿಯಿಂದ ಹೊಕ್ಕಳ ಮಟ್ಟದಲ್ಲಿ ಅಳೆದರೆ ಗೊತ್ತಾಗುವದು. ಮೇರೆಯನ್ನು ದಾಟಿದವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯರೋಗಗಳ ಭಯ ಹೆಚ್ಚು. ಅಂಥವರು ಮಾಡಬೇಕಾದದ್ದು ಬಹಳವಿಲ್ಲ. ಮೊದಲು, ಅಡಿಗೆಯಾದ ಕೂಡಲೇ ತನ್ನ ಪಾಲನ್ನು ತನ್ನ ತಟ್ಟೆಗೆ ತೆಗೆದಿಡಬೇಕು. ಅದೇ ತನ್ನ ಊಟ, ಪಾತ್ರೆಯಲ್ಲಿ ಉಳಿದದ್ದು ತನ್ನದಲ್ಲ. ಎರಡನೆಯದು, ತಟ್ಟೆಯಲ್ಲಿ ಅರ್ಧದಷ್ಟು ಪಲ್ಯ, ಕೋಸಂಬರಿ, ಹಸಿ ತರಕಾರಿ; ಕಾಲುಭಾಗ ಬೇಳೆಕಾಳು; ಕಾಲುಭಾಗ ರೊಟ್ಟಿ ಇಲ್ಲವೆ ಅನ್ನ. ನಮ್ಮ ಬಿಳಿಜೋಳವು ಪಾಲಿಶ್ ಮಾಡಿದ ಅಕ್ಕಿಗಿಂತ ನಾರುಳ್ಳದ್ದು. ಎರಡು ರೊಟ್ಟಿ ಉಂಡವಳು ಬೇಗ ಹಸಿಯುವದಿಲ್ಲ. ಮೂರನೆಯದು, ರಾತ್ರಿಯ ಊಟವನ್ನು ಎಂಟು ಗಂಟೆಯೊಳಗೆ ಮನೆಯವರೆಲ್ಲರೂ ಕೂಡಿ ಉಣ್ಣುವದು. ನಾಲ್ಕನೆಯದು, ಚಹಾದ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚೆಯಂತೆ ತಗ್ಗಿಸುವದು. ನಾಲಿಗೆಯು ಒಂದು ತಿಂಗಳಲ್ಲಿ ಒಗ್ಗುವದು. ಐದನೆಯದು, ಮುಂಜಾನೆಯಾಗಲಿ ಸಂಜೆಯಾಗಲಿ ಒಂದು ತಾಸಿನ ನಡಿಗೆ. ಅರವತ್ತು ಕಿಲೋ ತೂಗುವವಳು ಒಂದು ತಾಸು ಚುರುಕಾಗಿ ನಡೆದರೆ ಒಂದು ರೊಟ್ಟಿಗಿಂತ ಸ್ವಲ್ಪ ಹೆಚ್ಚು ವೆಚ್ಚವಾಗುವದು. ಇಷ್ಟನ್ನು ನಡಿಸಿಕೊಂಡು ಬಂದವಳು ಮೂರು ಸಲ ಉಂಡರೂ ಸರಿ, ನಾಲ್ಕು ಸಲ ಉಂಡರೂ ಸರಿ. ತನ್ನ ಹಸಿವೆಗೂ ತನ್ನ ಕೆಲಸಕ್ಕೂ ಯಾವುದು ಒಪ್ಪುವದೋ ಅದು ಅವಳಿಗೆ ಒಳ್ಳೆಯದು.

ಹಬ್ಬಗಳನ್ನು ಬಿಡಬೇಕೆಂದು ನಾವು ಹೇಳುವದಿಲ್ಲ. ಎಳ್ಳಮವಾಸ್ಯೆಗೆ ಹೊಲದಲ್ಲಿ ಸಜ್ಜೆಯ ಕಡುಬನ್ನೂ ಬಜ್ಜಿಯನ್ನೂ ಉಣ್ಣದವಳು ನಮ್ಮ ಸೀಮೆಯವಳೇ ಅಲ್ಲ. ಕ್ರಿಸ್ಮಸ್ಸಿಗೆ ಕರಜೀಕಾಯಿಯಿಲ್ಲದ ಮನೆಯೂ ಮನೆಯಲ್ಲ. ವರ್ಷದ ಹತ್ತು ಹಬ್ಬಗಳಿಂದ ಮೈ ಬೆಳೆಯುವದಿಲ್ಲ. ಉಳಿದ ಮುನ್ನೂರೈವತ್ತು ದಿನಗಳ ಲೆಕ್ಕವಿಲ್ಲದ ತುತ್ತುಗಳಿಂದ ಬೆಳೆಯುವದು.

ಆರು ಸಲದ ಉಪದೇಶವನ್ನು ಮಾಡುವವರಿಗೆ ನಾವು ಒಂದು ವಿಷಯದಲ್ಲಿ ಋಣಿಗಳು. “ನೀನು ನಿನ್ನ ಊಟದ ಹೊತ್ತನ್ನು ಗೊತ್ತುಮಾಡಿಕೋ” ಎಂದು ಸ್ತ್ರೀಗೆ ಹೇಳಿದವರು ಅವರೇ. ಆ ಮಾತನ್ನು ನಾವು ಒಪ್ಪುವೆವು. ಸಂಖ್ಯೆಯನ್ನು ಮಾತ್ರ ಅವಳಿಗೇ ಬಿಡುವೆವು. ಅಫಜಲಪುರದ ಮನೆಯಲ್ಲಿ ವಹಿಯ ಹತ್ತು ವಾರಗಳು ಮುಗಿದ ಮೇಲೆಯೂ ಸೊಸೆಯು ಮಾವನವರ ಸಂಗಡಲೇ ತಟ್ಟೆ ಹಾಕಿಕೊಂಡು ಉಣ್ಣುವ ಪದ್ಧತಿಯು ನಿಂತುಹೋಗಲಿಲ್ಲ. ಮೊದಲ ದಿವಸ ಅತ್ತೆಯವರು ಹುಬ್ಬು ಏರಿಸಿದರು. ಹದಿನೈದು ದಿನಗಳಲ್ಲಿ ಅವರೂ ತಮ್ಮ ತಟ್ಟೆಯನ್ನು ತಂದು ಪಕ್ಕದಲ್ಲಿ ಕುಳಿತರು. ಎಪ್ಪತ್ತು ದಾಟಿದ ಅವರು ಆ ಮನೆಗೆ ಬಂದಂದಿನಿಂದ ಬಿಸಿ ರೊಟ್ಟಿಯನ್ನು ಬಿಸಿಯಾಗಿಯೇ ಉಂಡದ್ದು ಆಗಲೇ ಎಂದು ಹೇಳಿದರು.

ಓದುವ ಸಹೋದರಿಯರು ತಮ್ಮ ತಮ್ಮ ಮನೆಗಳಲ್ಲಿ ಒಂದು ವಾರ ಮಟ್ಟಿಗಾದರೂ ವಹಿಯೊಂದನ್ನು ಇಟ್ಟು, ತಾವು ಎಷ್ಟು ಸಲ ತಿಂದೆವು ಎಂಬದಲ್ಲದೆ, ಯಾರ ತರುವಾಯ ತಿಂದೆವು ಎಂಬದನ್ನೂ ಬರೆದು ನೋಡಬೇಕೆಂದು ನಮ್ಮ ವಿಜ್ಞಾಪನೆ. ತೂಕದ ಮಾತು ಆಮೇಲೆ ತಾನಾಗಿ ಬರುವದು.